ಗುಳುಮವ್ವ ನಗಿಸುವುದನ್ನು ಬಿಟ್ಟಳು

ಮಸ್ಕಿಯ ನಮ್ಮ ಹಳೆಯ ಮನೆಯ ನಕ್ಷೆಯನ್ನು ಇಲ್ಲಿಯವರೆಗೆ ಮೂರು ಸಲ ಬರೆದಿದ್ದೇನೆ. ಮೂರರಲ್ಲೂ ಒಲೆ ಬೇರೆ ಬೇರೆ ಗೋಡೆಗೆ ಹೋಗಿ ಕೂತಿದೆ. ಮುಂದೆ ಪಡಸಾಲೆ, ಅದರ ಹಿಂದೆ ಕತ್ತಲೆಯ ನಡುಮನೆ, ನಡುಮನೆಯ ಮೂಲೆಯಲ್ಲಿ ದೇವರ ಜಗಲಿ, ಕೊನೆಗೆ ಅಡುಗೆಮನೆ. ಇಷ್ಟರ ಮಟ್ಟಿಗೆ ತಕರಾರಿಲ್ಲ. ಅಡುಗೆಮನೆಯ ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು, ಹತ್ತು ಗಂಟೆಯ ಬಿಸಿಲು ಅದರಿಂದ ಇಳಿದು ಹೊಗೆಯ ನಡುವೆ ಕಂಬದ ಹಾಗೆ ನಿಲ್ಲುತ್ತಿತ್ತು ಎಂಬುದೂ ಖಚಿತ. ಆದರೆ ಆ ಬಿಸಿಲು ರೊಟ್ಟಿ ಬಡಿಯುವವರ ಬೆನ್ನಿಗೆ ಬೀಳುತ್ತಿತ್ತೋ ಮುಖಕ್ಕೆ ಬೀಳುತ್ತಿತ್ತೋ? ಹಟ್ಟಿಯಲ್ಲಿ, ಚಿನ್ನದ ಗಣಿಯ ಕ್ವಾರ್ಟರ್ಸಿನಲ್ಲಿ ಇರುವ ನನ್ನ ಅಕ್ಕ ಗೌರಿಗೆ ಫೋನು ಮಾಡಿ ಕೇಳಿದೆ.

“ಮುಖಕ್ಕ ಬಿದ್ರ ಹಂಚು ಹೆಂಗ ಕಾಣಬೇಕಲೇ? ಬೆನ್ನಿಗೆ ಬೀಳ್ತಿತ್ತು. ಇಷ್ಟು ಓದಿದಿ, ಒಲಿ ಎಲ್ಲಿತ್ತು ಅನ್ನೋದು ಗೊತ್ತಿಲ್ಲ. ಮತ್ತ ಮನಿ ಕತಿ ಬರೀತಾನಂತ ಮನಿ ಕತಿ!”

ಅಕ್ಕನ ಮಾತಿನಲ್ಲಿ ತರ್ಕವಿದೆ. ಆದರೆ ನನಗೆ ನೆನಪಿರುವುದು ಈರಮ್ಮತ್ತೆಯ ಮುಖದ ಮೇಲಿನ ಬಿಸಿಲು. ಅವಳ ಹುಬ್ಬಿಗೆ ಅಂಟಿದ ಜೋಳದ ಹಿಟ್ಟು, ನಗು ತಡೆಯಲು ಒಳಗೆ ಎಳೆದುಕೊಂಡ ಕೆಳತುಟಿ, ಎಲ್ಲವೂ ಆ ಬಿಸಿಲಿನಲ್ಲೇ ಕಾಣಿಸುತ್ತವೆ. ಇದು ಕಂಡದ್ದೋ, ಬೇಕಾಗಿ ಹಚ್ಚಿಕೊಂಡದ್ದೋ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ಕಳೆದ ವರ್ಷಗಳು ನನಗೆ ಕಲಿಸಿದ್ದು ಯಾವ ಸಾಕ್ಷಿಯನ್ನೂ ಅನುಮಾನಿಸುವುದನ್ನು. ಆ ಅನುಮಾನವನ್ನು ನನ್ನ ಮೇಲೆಯೇ ತಿರುಗಿಸಿಕೊಳ್ಳಲು ಮಾತ್ರ ಬಹಳ ತಡವಾಯಿತು. ಅಷ್ಟರೊಳಗೆ ಒಂದು ಸಲ ನನ್ನ ನೆನಪನ್ನು ನಾನು ಪೂರ್ತಿ ನಂಬಿ, ಅದನ್ನು ಜನರ ಮುಂದೆ ಇಟ್ಟೆ. ಅದರಿಂದ ಈರಮ್ಮತ್ತೆಗೆ ನಮ್ಮ ಮನೆಯಲ್ಲಿದ್ದ ಜಾಗ ಹೋಯಿತು.

ಅವಳು ಅಪ್ಪನ ಅಕ್ಕ. ಲಿಂಗಸುಗೂರಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ, ಗಂಡ ಇನ್ನೊಬ್ಬಳನ್ನು ಮಾಡಿಕೊಂಡ, ಇವಳು ಒಂದು ಟ್ರಂಕು ಹೊತ್ತು ತಮ್ಮನ ಮನೆಗೆ ಬಂದಳು. ಇದೆಲ್ಲ ನಾನು ಹುಟ್ಟುವ ಮೊದಲಿನ ಸಂಗತಿ. ಮನೆಯಲ್ಲಿ ಯಾರೂ ಇದನ್ನು ಕೂತು ಹೇಳಿದವರಲ್ಲ. ಟ್ರಂಕು ನಡುಮನೆಯ ಗೋಡೆಗಿತ್ತು, ಅದರ ಮೇಲೆ ಹಾಸಿಗೆ ಮಡಚಿಡುತ್ತಿದ್ದರು, ಅಷ್ಟೆ. ಅಪ್ಪನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಸಣ್ಣ ಕಿರಾಣಿ ಅಂಗಡಿ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡು, ಉಂಡು ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹೀಗಾಗಿ ಹಗಲಿನ ಮನೆ ಹೆಂಗಸರದು. ಅವ್ವ ಮಾತು ಕಡಿಮೆ, ಕೆಲಸದಲ್ಲಿ ಚುರುಕು. ಅತ್ತೆ ಎರಡರಲ್ಲೂ ಜೋರು, ಊಟದಲ್ಲಿ ಇನ್ನೂ ಜೋರು. ಅಪ್ಪ ಉಂಡು ಹೋದ ಮೇಲೆ, ನಾವು ಮಕ್ಕಳು ಶಾಲೆಗೆ ಹೋದ ಮೇಲೆ, ಅವ್ವ ಮತ್ತು ಅವಳು ಎದುರು ಬದುರು ಕೂತು ಉಣ್ಣುತ್ತಿದ್ದರು. ಸೂಟಿಯ ದಿನಗಳಲ್ಲಿ ನಾನು ನೋಡಿದ್ದೇನೆ: ಉಳ್ಳಾಗಡ್ಡಿಯನ್ನು ನೆಲದ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆಯುವಳು, ಅರ್ಧ ಅವ್ವನ ಗಂಗಾಳಕ್ಕೆ ಎಸೆಯುವಳು, ರೊಟ್ಟಿಯಲ್ಲಿ ಪುಂಡಿಪಲ್ಯ ಸುತ್ತಿ ಬಾಯಿ ತುಂಬಿಕೊಂಡು ಅದೇ ಬಾಯಲ್ಲಿ ಓಣಿಯ ಸುದ್ದಿ ಹೇಳುವಳು. ತಮ್ಮನ ಮನೆಯ ಅನ್ನ ಉಣ್ಣುತ್ತಿದ್ದೇನೆಂಬ ಸಂಕೋಚವನ್ನು ಅವಳ ಮುಖದಲ್ಲಿ ನಾನು ಕಂಡದ್ದಿಲ್ಲ. ಕಂಡಿದ್ದರೆ ಮರೆತಿರಬಹುದು, ಆದರೆ ಈ ಒಂದು ವಿಷಯದಲ್ಲಿ ಅಕ್ಕನೂ ನನ್ನ ಜೊತೆಗಿದ್ದಾಳೆ.

ಜಗಳವಿರಲಿಲ್ಲ ಎಂದಲ್ಲ. ಬಳಗಾನೂರಿನ ದಾರಿಯಲ್ಲಿ ನಮ್ಮದೊಂದು ಹೊಲವಿತ್ತು. ಸುತ್ತೆಲ್ಲ ಕಾಲುವೆ ನೀರಿನ ಭತ್ತ, ಎತ್ತರದಲ್ಲಿದ್ದ ನಮ್ಮ ಹೊಲಕ್ಕೆ ಮಾತ್ರ ನೀರು ಏರುತ್ತಿರಲಿಲ್ಲ, ಬಿಳಿಜೋಳವೇ ಗತಿ. ಆ ಜೋಳ ಸ್ವಚ್ಛ ಮಾಡುವಾಗ ಕಲ್ಲು ಉಳಿಯಿತೆಂದು, ಹಿಟ್ಟಿಗೆ ಬಿಸಿನೀರು ಹೆಚ್ಚಾಯಿತೆಂದು ಇಬ್ಬರೂ ದಿನಕ್ಕೊಂದು ಸಲ ಕೂಗಾಡುತ್ತಿದ್ದರು.

“ಅಕ್ಕಾರ, ಹಿಟ್ಟು ಅಂಬಲಿ ಆಗ್ಯಾದ ನೋಡ್ರಿ. ಇದನ್ನ ಬಡೀಬೇಕೋ ಕುಡೀಬೇಕೋ?” ಅವ್ವ ಅತ್ತೆಯನ್ನು ಕೇಳುವಳು.

“ಕುಡೀ ಶಿವಮ್ಮ, ಹಲ್ಲಿಗೆ ತ್ರಾಸಿಲ್ಲ.”

ಅವ್ವ ನಗು ತಡೆಯಲಾರದೆ ಮುಖ ತಿರುಗಿಸಿದರೆ ಜಗಳ ಮುಗಿಯಿತು. ಅತ್ತೆ ಆ ಮನೆಯಲ್ಲಿ ನಿಂತದ್ದೇ ಹೀಗೆ. ಅವಳು ಅತಿಥಿಯಲ್ಲ, ಯಜಮಾನಿಯಲ್ಲ, ಆಳೂ ಅಲ್ಲ. ನಗಿಸುವವಳು. ಓಣಿಯವರೂ ಅವಳನ್ನು ಗಂಡ ಬಿಟ್ಟವಳು ಎಂದು ಕರೆದದ್ದು ನನಗೆ ಗೊತ್ತಿಲ್ಲ. ಗುಳುಮವ್ವನ ಕತೆ ಹೇಳುವ ಈರವ್ವ ಎನ್ನುತ್ತಿದ್ದರು.

ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಬೆಳೆಯ ಮೇಲೆ ಚರಗ ಚೆಲ್ಲಿ, ಬೆಳೆದು ನಿಂತ ಜೋಳದ ನಡುವೆ ಕಂಬಳಿ ಹಾಸಿ ಉಣ್ಣುವ ಪದ್ಧತಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದಕ್ಕೆ ನಾಲ್ಕೈದು ದಿನ ಮೊದಲೇ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಖಡಕ್ ಜೋಳದ ರೊಟ್ಟಿ ಬುಟ್ಟಿಗಟ್ಟಲೆ ಮಾಡಿಡಬೇಕು. ಓಣಿಯ ಹೆಂಗಸರು ಒಂದು ದಿನ ಒಬ್ಬರ ಮನೆಯಲ್ಲಿ ಸೇರಿ ಬಡಿಯುವರು. ನಮ್ಮ ಮನೆಯ ಸರದಿ ಬಂದಾಗ ಬರುವವರು ಹೆಚ್ಚು. ಅತ್ತೆ ಕತೆ ಹೇಳುತ್ತಿದ್ದಳಲ್ಲ, ಅದಕ್ಕೆ. ಅವಳ ಕತೆಗೆ ಗಡಿಯಾರ ರೊಟ್ಟಿಯೇ. ಹಿಟ್ಟಿನ ಮುದ್ದೆ ತಟ್ಟುವಾಗ ಅವಳು ಕತೆಯ ಊರು, ಮನೆ ಹೇಳುವಳು. ಹಂಚಿನ ಮೇಲೆ ಹಾಕಿ ಒದ್ದೆ ಅರಿವೆಯಿಂದ ಸವರುವಾಗ ಸಣ್ಣ ದನಿಯಲ್ಲಿ ಗುಳುಮವ್ವ ಮಾತಾಡುವಳು. ತಿರುವಿ ಹಾಕಿದಾಗ ಗುಳುಮವ್ವನ ಅತ್ತೆ ಗುಡುಗುವಳು. ರೊಟ್ಟಿ ಕೆಂಡಕ್ಕೆ ಒರಗಿ ಉಬ್ಬುವ ಗಳಿಗೆಗೆ ಸರಿಯಾಗಿ ನಗುವ ಮಾತು ಬರುವುದು. ರೊಟ್ಟಿ ಉಬ್ಬದೆ ಹೋದರೆ ಅವಳು ಆ ಮಾತು ಆಡುತ್ತಲೇ ಇರಲಿಲ್ಲ; ಇನ್ನೊಂದು ರೊಟ್ಟಿ ಬಡಿದು, ಮತ್ತೆ ಅಲ್ಲಿಗೆ ತಂದು, ಅದು ಉಬ್ಬಿದ ಮೇಲೆಯೇ ಆಡುವಳು. ಎಲ್ಲರೂ ಉಸಿರು ಹಿಡಿದು ರೊಟ್ಟಿಯನ್ನೇ ನೋಡುತ್ತಿದ್ದರು.

ಗುಳುಮವ್ವ ಏಳು ಮಂದಿ ಮೈದುನರಿರುವ ಮನೆಗೆ ಬಂದ ಸೊಸೆ. ದಿನವೂ ರೊಟ್ಟಿ ಬಡಿಯುವವಳು ಅವಳು, ಎಣಿಸುವವಳು ಅವಳ ಅತ್ತೆ. ಒಂದು ರೊಟ್ಟಿ ಯಾವಾಗಲೂ ಕಡಿಮೆ.

“ಹಿಟ್ಟು ಇಪ್ಪತ್ತು ರೊಟ್ಟಿದು. ಬುಟ್ಟ್ಯಾಗ ಹತ್ತೊಂಬತ್ತು ಅದಾವ. ಒಂದು ಎಲ್ಲಿ ಹೋತ?”

“ಹಂಚು ನುಂಗಿತ್ರಿ ಅತ್ತಿ.”

ಮರುದಿನ ಒಲೆ ನುಂಗುವುದು, ಅದರ ಮರುದಿನ ಹೊಗೆ ನುಂಗುವುದು. ನಾಲ್ಕನೆಯ ದಿನ ಅತ್ತೆ ಬಾಗಿಲಿಗೇ ಬಂದು ಕೂರುತ್ತಾಳೆ. ಗುಳುಮವ್ವ ಒಂದು ರೊಟ್ಟಿಯನ್ನು ಮಡಚಿ ಬಾಯಿಗೆ ತುರುಕಿಕೊಳ್ಳುತ್ತಾಳೆ, ಬೆಣ್ಣೆ ಸವರಿದ ಇನ್ನೊಂದನ್ನು ತಲೆಯ ಮೇಲಿಟ್ಟು ಸೆರಗು ಹೊದೆಯುತ್ತಾಳೆ. ಅಷ್ಟರಲ್ಲಿ ಮಾವ ಬಂದು ನೀರು ಕೇಳುತ್ತಾನೆ. ಎದ್ದು ನಿಂತರೆ ಬೆಣ್ಣೆ ಕರಗಿ ಹಣೆಗೆ ಇಳಿಯುತ್ತದೆ, ಮೂಗಿಗೆ ಇಳಿಯುತ್ತದೆ. ಏನಿದು ಎಂದು ಕೇಳಿದರೆ ಬಾಯಿ ತುಂಬ ರೊಟ್ಟಿ, ಮಾತು ಹೊರಡುವುದಿಲ್ಲ. “ಹೂಂ... ಹೂಂ...” ಎಂದು ತಲೆ ತೂಗುತ್ತಾಳೆ. ಅತ್ತೆ ಗಾಬರಿಯಾಗಿ ನೆಲಕ್ಕೆ ಬಿದ್ದು ಕೈಮುಗಿಯುತ್ತಾಳೆ.

“ಅಯ್ಯ ನಮ್ಮವ್ವನ, ಸೊಸಿ ಮೈಯಾಗ ದ್ಯಾವ್ರು ಬಂತು! ಯಾವ ತಾಯಿ ಬಂದೀಯವ್ವ? ಏನು ಬೇಡ್ತಿ ಬೇಡು. ಬಂಗಾರ ಬೇಕೇನು? ಕುರಿ ಬೇಕೇನು? ಇಳಕಲ್ ಸೀರಿ ಬೇಕೇನು?”

ಇಲ್ಲಿ ಈರಮ್ಮತ್ತೆ ಕೈ ನಿಲ್ಲಿಸುತ್ತಿದ್ದಳು. ಕಣ್ಣು ಮೇಲೆ ಮಾಡಿ, ಕುತ್ತಿಗೆ ಉದ್ದ ಮಾಡಿ, ಇಲ್ಲದ ರೊಟ್ಟಿಯನ್ನು ‘ಗುಳುಂ’ ಎಂದು ನುಂಗುತ್ತಿದ್ದಳು. ಹಂಚಿನ ಬದಿಯಲ್ಲಿ ರೊಟ್ಟಿ ಉಬ್ಬುತ್ತಿತ್ತು. ಆಗ ದೇವಿ ಬೇಡುವಳು, ಬಲು ಗಂಭೀರವಾಗಿ:

“ಉಳ್ಳಾಗಡ್ಡಿ.”

ಹೆಂಗಸರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಪಕ್ಕದ ಮನೆಯ ಪಾರವ್ವ ಕಣ್ಣು ಒರೆಸಿಕೊಂಡು ಕೂಗುವಳು:

“ಸಾಕು ಮಾಡ ಬೇ ಈರವ್ವ! ನಕ್ಕು ನಕ್ಕು ಹೊಟ್ಟಿ ಹಿಡಕೊಂಡೈತಿ. ಹಂಚಿನ ಮ್ಯಾಲ ರೊಟ್ಟಿ ಸುಡಾಕತ್ತೈತಿ ನೋಡ!”

“ಸುಟ್ರ ಸುಡಲಿ. ಎಣಸಾಕ ನನಗೇನು ಅತ್ತಿ ಅದಾಳನ?”

ಪ್ರತಿ ಮಂಗಳವಾರ ಮೈಮೇಲೆ ಬರುತ್ತೇನೆಂದು ದೇವಿ ಅಪ್ಪಣೆ ಕೊಡಿಸುವುದರೊಂದಿಗೆ ಕತೆ ಮುಗಿಯುತ್ತಿತ್ತು. ಅಂದಿನಿಂದ ಗುಳುಮವ್ವ ವಾರಕ್ಕೊಂದು ದಿನ ಹೊಟ್ಟೆ ತುಂಬ ಉಂಡಳಂತೆ, ಅತ್ತೆ ಬೀಸಣಿಗೆ ಹಿಡಿದಳಂತೆ.

ನಾನು ಈ ಕತೆಯನ್ನು ಎಷ್ಟು ಸಲ ಕೇಳಿದೆನೋ. ನಗುವುದು ಎಂದರೇನು, ಯಾವ ಮಾತನ್ನು ಎಲ್ಲಿ ತಡೆಯಬೇಕು, ದೊಡ್ಡವರ ಎದುರು ಸಣ್ಣವರು ಹೇಗೆ ಗೆಲ್ಲಬೇಕು ಎಂಬುದನ್ನು ಕಲಿತದ್ದು ಆ ಹಂಚಿನ ಮುಂದೆ. ವಿಚಿತ್ರವೆಂದರೆ, ದೊಡ್ಡವನಾಗಿ ಪುಸ್ತಕ ಓದಲು ಶುರು ಮಾಡಿದ ಮೇಲೆ ಆ ನಗುವಿನ ಬಗ್ಗೆಯೇ ನನಗೆ ನಾಚಿಕೆ ಬಂತು. ಹಸಿದ ಹೆಣ್ಣನ್ನು ನೋಡಿ ನಗುವುದೇ? ವಿಶ್ವವಿದ್ಯಾಲಯದ ಹಾಸ್ಟೆಲಿನ ಕೋಣೆಯಲ್ಲಿ, ಕತೆಗಳನ್ನು ಮುರಿದು ಕಟ್ಟುವುದೇ ಬುದ್ಧಿವಂತಿಕೆ ಎಂದು ನಂಬಿದ್ದ ದಿನಗಳಲ್ಲಿ, ನನಗೊಂದು ಚಿತ್ರ ನೆನಪಾಯಿತು. ಬೆಳಕಿಂಡಿಯ ಕೆಳಗೆ ಅತ್ತೆ ತಲೆ ಬಿಚ್ಚಿ ಕೂತಿದ್ದಾಳೆ, ಅವ್ವ ಎಣ್ಣೆ ಹಚ್ಚುತ್ತಿದ್ದಾಳೆ, ನಡುನೆತ್ತಿಯಲ್ಲಿ ಅಂಗೈಯಗಲ ಕೂದಲಿಲ್ಲದ, ನುಣುಪಾಗಿ ಹೊಳೆಯುವ ಚರ್ಮ. ಅಷ್ಟು ಸಾಕಾಯಿತು. ಬಿಸಿ ರೊಟ್ಟಿ, ನೆತ್ತಿ, ಲಿಂಗಸುಗೂರಿನ ಅತ್ತೆಮನೆ. ಗುಳುಮವ್ವ ಯಾರೆಂದು ಗೊತ್ತಾಯಿತು ಎನ್ನಿಸಿತು. ಒಂದೇ ದಿನದಲ್ಲಿ ಕತೆ ಬರೆದೆ.

ನನ್ನ ಕತೆಯಲ್ಲಿ ದೇವಿ ಬರುವುದಿಲ್ಲ. ಸೊಸೆಯ ಬಾಯಲ್ಲಿ ರೊಟ್ಟಿಯೂ ಇಲ್ಲ, ಅವಳಿಗೆ ಮೂರು ದಿನದಿಂದ ಊಟವಿಲ್ಲ. ಗುಳುಮವ್ವ ಎಂಬ ಹೆಸರು ತೆಗೆದು ಬರೀ ‘ಅವಳು’ ಮಾಡಿದೆ. ಮಾವ ಸೆರಗು ಎಳೆಯುತ್ತಾನೆ, ತಲೆಯ ಮೇಲಿನ ಬಿಸಿ ರೊಟ್ಟಿಯ ಜೊತೆ ಚರ್ಮವೂ ಕಿತ್ತು ಬರುತ್ತದೆ. ಕೊನೆಯ ಸಾಲಿನಲ್ಲಿ ಅವಳು ಚೀರುತ್ತಾಳೆ, ಆದರೆ ಯಾರಿಗೂ ಕೇಳಿಸುವುದಿಲ್ಲ. ನಗೆಯ ಹಿಂದಿನ ಹಸಿವನ್ನು ತೋರಿಸಿದೆ ಎಂದು ಮೇಷ್ಟ್ರು ಬೆನ್ನು ತಟ್ಟಿದರು. ಉಳ್ಳಾಗಡ್ಡಿ ಕೈಬಿಟ್ಟದ್ದನ್ನು ಯಾರೂ ಗಮನಿಸಲಿಲ್ಲ. ಅದಿತ್ತೆಂದು ಅವರಿಗೆ ಗೊತ್ತಿರಲಿಲ್ಲ.

ಆ ಕತೆ ಎಷ್ಟೋ ವರ್ಷ ಒಂದು ಸಂಕಲನದಲ್ಲಿ ಸುಮ್ಮನೆ ಬಿದ್ದಿತ್ತು. ಕೆಲವು ವರ್ಷಗಳ ಹಿಂದೆ ಸಿಂಧನೂರಿನ ಕೆಲವು ಅಧ್ಯಾಪಕಿಯರು ಸೇರಿ ಅದನ್ನು ನಾಟಕ ಮಾಡಿದರು. ಮಧ್ಯಾಹ್ನದ ಕಾರ್ಯಕ್ರಮ. ನಾನೇ ಹೋಗಿ ಮನೆಯವರನ್ನು ಹೊರಡಿಸಿದೆ. ಅಪ್ಪ ಅಷ್ಟೊತ್ತಿಗೆ ತೀರಿಕೊಂಡಿದ್ದರು. ಅವ್ವ, ಅತ್ತೆ, ಹಟ್ಟಿಯಿಂದ ಬಂದ ಅಕ್ಕ, ಪಾರವ್ವ ಮತ್ತು ಓಣಿಯ ಐದಾರು ಹೆಂಗಸರು ಒಂದು ಟಂಟಂ ಗಾಡಿ ಬಾಡಿಗೆಗೆ ಮಾಡಿಕೊಂಡು ಬಂದರು. ಅತ್ತೆ ಹೊಸ ಸೀರೆ ಉಟ್ಟಿದ್ದಳು. ತನ್ನ ಗುಳುಮವ್ವ ಮೈಕಿನಲ್ಲಿ ಮಾತಾಡುತ್ತಾಳೆಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಳಂತೆ.

ಸೊಸೆಯ ಪಾತ್ರದ ಹುಡುಗಿ ರೊಟ್ಟಿಯನ್ನು ತಲೆಯ ಮೇಲಿಟ್ಟು ಸೆರಗು ಹೊದೆದಾಗ ಅತ್ತೆ ಜೋರಾಗಿ ನಕ್ಕಳು. ಅಷ್ಟು ದೊಡ್ಡ ಸಭೆಯಲ್ಲಿ ನಕ್ಕವಳು ಅವಳೊಬ್ಬಳೇ. ಮುಂದಿನ ಸಾಲಿನ ಹೆಂಗಸೊಬ್ಬರು ತಿರುಗಿ ನೋಡಿದರು.

“ನಗಬ್ಯಾಡ್ರಿ ಅಮ್ಮ. ನಗೋ ವಿಷಯ ಅಲ್ಲ ಅದು.”

“ತಡೀರಿ, ಈಗ ಉಳ್ಳಾಗಡ್ಡಿ ಬೇಡ್ತಾಳ,” ಎಂದಳು ಅತ್ತೆ.

ಬೇಡಲಿಲ್ಲ. ಮಾವ ಸೆರಗು ಎಳೆದ, ಹುಡುಗಿ ಚೀರಿದಳು, ದೀಪ ಆರಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆಮೇಲೆ ನನ್ನನ್ನು ವೇದಿಕೆಗೆ ಕರೆದರು. ನಾನು ಅತ್ತೆಯನ್ನೂ ಕರೆದೆ. ಅಲ್ಲಿ ನಾನು ಹೇಳಿದ್ದು, ನನ್ನ ನೆನಪಿನ ಪ್ರಕಾರ, ಈ ಕತೆಯನ್ನು ನನಗೆ ಹೇಳಿದವರು ಇವರು ಎಂದಷ್ಟೆ. ಬಹಳ ದಿನ ಹಾಗೆಯೇ ವಾದಿಸಿದೆ. ಕೊನೆಗೆ ಅಕ್ಕ ತನ್ನ ಮೊಬೈಲಿನಲ್ಲಿ ಹಿಡಿದದ್ದನ್ನು ಕಳಿಸಿದಳು. ಅದರಲ್ಲಿ ನಾನು ಅತ್ತೆಯ ಭುಜದ ಮೇಲೆ ಕೈಯಿಟ್ಟು, ಗದ್ಗದ ದನಿಯಲ್ಲಿ, ಸ್ಪಷ್ಟವಾಗಿ ಹೇಳುತ್ತಿದ್ದೇನೆ: “ನೀವು ಈಗ ನೋಡಿದ್ದು ನಮ್ಮ ಅತ್ತೆಯ ಬದುಕು. ಆ ಗಾಯ ಇವರ ತಲೆಯ ಮೇಲೆ ಇನ್ನೂ ಇದೆ.” ಪಕ್ಕದಲ್ಲಿ ಅತ್ತೆ ಗೊತ್ತಿಲ್ಲದ ಊರಿನಲ್ಲಿ ಬಸ್ ಇಳಿದವಳ ಹಾಗೆ ನಿಂತಿದ್ದಾಳೆ. ಒಬ್ಬ ಅಧ್ಯಾಪಕಿ ಓಡಿ ಬಂದು ಅವಳನ್ನು ತಬ್ಬಿಕೊಂಡು ಅಳುತ್ತಾರೆ. ಅತ್ತೆಯ ಕೈ ನಿಧಾನವಾಗಿ ಮೇಲೆ ಬಂದು ಸೆರಗನ್ನು ತಲೆಯ ಮೇಲೆ ಗಟ್ಟಿಯಾಗಿ ಎಳೆದುಕೊಳ್ಳುತ್ತದೆ. ಆ ವಿಡಿಯೊ ನೋಡಿದ ಮೇಲೆ ನನ್ನ ನೆನಪಿನ ಪರವಾಗಿ ನಾನು ವಾದ ಮಾಡುವುದನ್ನು ಬಿಟ್ಟೆ.

ನೆತ್ತಿಯ ವಿಷಯವನ್ನು ಆಮೇಲೆ ಅವ್ವನಿಗೆ ಕೇಳಿದೆ, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ.

“ಸುಟ್ಟದ್ದು ಯಾರು ಹೇಳ್ಯಾರ ನಿನಗ? ಕಾಲುವಿ ಕೆಲಸಕ್ಕ ಹೋಗಿ ಮಣ್ಣಿನ ಬುಟ್ಟಿ ಹೊತ್ತು ಹೊತ್ತು ಕೂದಲು ಹೋಗ್ಯಾವು ಅಂತಿದ್ರು ಅಕ್ಕಾರ.”

ಅಕ್ಕನದು ಇನ್ನೊಂದು ಮಾತು. ಅಂಥ ಕಲೆಯನ್ನೇ ಅವಳು ನೋಡಿಲ್ಲ. ಸಣ್ಣವಳಿದ್ದಾಗಿನಿಂದ ಅತ್ತೆಯ ಹೇನು ತೆಗೆದವಳು ಅವಳು. ಮೂವರ ತಲೆಯಲ್ಲಿ ಮೂರು ನೆತ್ತಿಗಳು. ನನ್ನ ಊಹೆಯೇ ನಿಜವಾಗಿರಲೂಬಹುದು. ಹಾಗಿದ್ದರೆ ಇನ್ನೂ ಕೆಟ್ಟದ್ದು. ಆ ನಿಜ ಅವಳದಾಗಿತ್ತು, ಅದಕ್ಕೆ ಉಳ್ಳಾಗಡ್ಡಿ ಬೇಡುವ ದೇವಿಯ ವೇಷ ಹಾಕಿ ಓಣಿಯ ನಡುವೆ ಕೂರಿಸಿದವಳು ಅವಳೇ. ವೇಷ ಕಳಚಲು ನನ್ನನ್ನು ಯಾರು ಕರೆದಿದ್ದರು?

ಓಣಿ ಬದಲಾಯಿತು, ಅದೂ ಒಳ್ಳೆಯತನದಿಂದ. ಮೊದಲೆಲ್ಲ ಅತ್ತೆಯ ಊಟದ ಬಗ್ಗೆ ತಮಾಷೆ ಮಾಡುತ್ತಿದ್ದವರು ಈಗ ಡಬ್ಬಿಯಲ್ಲಿ ಪಲ್ಯ ತಂದು ಕೊಡತೊಡಗಿದರು. ಮದುವೆಯ ಪಂಕ್ತಿಯಲ್ಲಿ ಅವಳಿಗೆ ಮೊದಲು ಬಡಿಸುವರು, ಉಣ್ಣುವಾಗ ಪಕ್ಕದಲ್ಲಿ ನಿಂತು ನೋಡುವರು. ಅವಳ ತುತ್ತು ದೊಡ್ಡದಿದ್ದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವರು. ಅವ್ವನಿಗೂ ಸಂಕಟ. ನಾನು ಊರಿಗೆ ಹೋದಾಗ ಒಂದು ಬೆಳಿಗ್ಗೆ ನನ್ನ ಮುಂದೆ ತಾಟು ಕುಕ್ಕಿ ಕೇಳಿದಳು:

“ಮಂದಿ ಡಬ್ಬಿ ತರಾಕತ್ತಾರ. ನಾ ಏನು ಆಕಿಗೆ ಉಪಾಸ ಕೆಡವೀನೇನು? ನಲವತ್ತು ವರ್ಷ ಎದ್ರುಬದ್ರು ಕುಂತು ಉಂಡೀವಿ. ಈಗ ಅಕ್ಕಾರು ನನ್ನ ಕೂಡ ಉಣ್ಣಾಕ ಒಲ್ಲೆ ಅಂತಾರ. ಅಡಗಿಮನ್ಯಾಗ ಬಾಗಲ ಹಾಕ್ಕೊಂಡು ಉಣ್ತಾರ. ನೀ ಏನು ಮಾಡಿದಿ ಅನ್ನೋದು ನಿನಗರೆ ತಿಳದೈತೇನು?”

ತಿಳಿದಿತ್ತು ಎಂದು ಈಗ ಬರೆಯಬಹುದು. ಅಂದು ನಾನು, ಜನರಿಗೆ ಅರಿವು ಬಂದಿದೆ, ಸ್ವಲ್ಪ ದಿನ ಹೀಗಿರುತ್ತದೆ ಎಂದೇನೋ ಹೇಳಿದೆ.

ಆ ವರ್ಷದ ಎಳ್ಳಮವಾಸ್ಯೆಗೆ ನಾನು ಮನೆಯಲ್ಲೇ ಇದ್ದೆ. ರೊಟ್ಟಿಗೆ ಹೆಂಗಸರು ಸೇರಿದರು. ಅತ್ತೆ ಹಂಚಿನ ಮುಂದೆ ಕೂತಿದ್ದಳು. ಬಹಳ ಹೊತ್ತು ಬರೀ ಬಡಿಯುವ ಸಪ್ಪಳ. ಪಾರವ್ವನ ಹೊಸ ಸೊಸೆ, ತುರ್ವಿಹಾಳದ ಹುಡುಗಿ, ನಾಟಕ ನೋಡದವಳು, ತಾನಾಗಿ ಕೇಳಿದಳು:

“ಯಮ್ಮಾ, ಅದೇನೋ ಕತಿ ಹೇಳ್ತೀರಂತಲ್ಲ, ನಗೇದು. ಹೇಳ್ರಿ.”

ಪಾರವ್ವ ಕಣ್ಣಲ್ಲೇ ಗದರಿದಳು. ಆದರೆ ಅತ್ತೆಯ ಮುಖ ಅರಳಿತು. ಹೊಸ ಮುದ್ದೆ ತೆಗೆದುಕೊಂಡಳು. ಹಂಚು ನುಂಗಿತು, ಒಲೆ ನುಂಗಿತು, ಹೊಗೆ ನುಂಗಿತು. ದನಿಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಇದ್ದವು. ನಾನು ನಡುಮನೆಯ ಹೊಸ್ತಿಲ ಮೇಲೆ ಕೂತು, ಇದು ಸರಿಹೋಗುತ್ತದೆ, ಎಲ್ಲರೂ ಒಂದು ಸಲ ನಕ್ಕರೆ ಸರಿಹೋಗುತ್ತದೆ ಎಂದು ಕಾಯುತ್ತಿದ್ದೆ. ಅತ್ತೆ ಕಣ್ಣು ಮೇಲೆ ಮಾಡಿದಳು, ಗುಳುಂ ಎಂದು ನುಂಗಿದಳು. ಕೆಂಡದ ಬದಿಯಲ್ಲಿ ರೊಟ್ಟಿ ಉಬ್ಬಿತು, ಯಾವ ಕೊರತೆಯೂ ಇಲ್ಲದೆ, ಚೆಂಡಿನ ಹಾಗೆ.

“ಉಳ್ಳಾಗಡ್ಡಿ.”

ಯಾರೂ ನಗಲಿಲ್ಲ. ಒಬ್ಬಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಆ ಹೊಸ ಸೊಸೆ ನಗಲು ಬಾಯಿ ತೆರೆದವಳು ಸುತ್ತ ನೋಡಿ ಮುಚ್ಚಿಕೊಂಡಳು. ಪಾರವ್ವ, ಪ್ರತಿ ವರ್ಷ ಹೊಟ್ಟೆ ಹಿಡಿದುಕೊಳ್ಳುತ್ತಿದ್ದ ಪಾರವ್ವ, ಅತ್ತೆಯ ಬೆನ್ನು ಸವರಿ ಹೇಳಿದಳು:

“ಎಷ್ಟು ನುಂಗಿಕೊಂಡೀಯವ್ವ ನೀನು. ಎದಿ ಗಟ್ಟಿ ನಿಂದು.”

ಉಬ್ಬಿದ ರೊಟ್ಟಿ ಉಸಿರು ಬಿಟ್ಟು ಕುಸಿಯಿತು. ಅತ್ತೆ ಅದನ್ನು ಬುಟ್ಟಿಗೆ ಹಾಕಿ, ಮಂಗಳವಾರದ ಮಾತು ಹೇಳದೆ, ಮುಂದಿನ ಮುದ್ದೆಗೆ ಕೈ ಹಾಕಿದಳು. ಅಮವಾಸ್ಯೆಯ ದಿನ ಹೊಲಕ್ಕೆ ಬರಲಿಲ್ಲ, ಮೈ ನೋಯುತ್ತದೆ ಎಂದಳು. ತಿಂಗಳೊಳಗೆ ಲಿಂಗಸುಗೂರಿನಿಂದ ಸುದ್ದಿ ಬಂತು: ಅವಳ ಗಂಡ ಹಾಸಿಗೆ ಹಿಡಿದಿದ್ದಾನೆ, ಎತ್ತಿ ಕೂರಿಸಲು ಎರಡನೆಯ ಹೆಂಡತಿ ಒಬ್ಬಳಿಂದ ಆಗುತ್ತಿಲ್ಲ. ಯಾರೂ ಇವಳನ್ನು ಕರೆದಿರಲಿಲ್ಲ, ಬರೀ ಸುದ್ದಿ ಮುಟ್ಟಿಸಿದ್ದರು. ಅತ್ತೆ ಟ್ರಂಕಿನ ಮೇಲಿನ ಹಾಸಿಗೆ ಇಳಿಸಿ, ಟ್ರಂಕು ಎತ್ತಿಸಿಕೊಂಡು ಬಸ್ ಹತ್ತಿದಳು.

ನಾನು ಸರಿಪಡಿಸಲು ನೋಡಿದೆ. ಕತೆಯನ್ನು ಮತ್ತೆ ಬರೆದೆ, ಈ ಸಲ ಅವಳ ಹಾಗೆ, ಹಂಚು ನುಂಗುವುದರಿಂದ ಹಿಡಿದು. ಕಾಗದದ ಮೇಲೆ ಅದು ಒಬ್ಬ ಓದಿದವನು ಹಸಿದವರನ್ನು ಗೇಲಿ ಮಾಡಿದ ಹಾಗೆ ಕಾಣಿಸಿತು. ಎಷ್ಟು ತಿದ್ದಿದರೂ ದೇವಿ ಉಳ್ಳಾಗಡ್ಡಿ ಬೇಡಿದ ಕೂಡಲೇ ಸಾಲು ಸಾಯುತ್ತಿತ್ತು. ಓದುವವರಿಗೆ ಉಬ್ಬುವ ರೊಟ್ಟಿ ಎಲ್ಲಿಂದ ತರಲಿ? ಹರಿದು ಹಾಕಿದೆ.

ಕೊನೆಗೆ ಅವ್ವನೇ ನನ್ನನ್ನು ಲಿಂಗಸುಗೂರಿಗೆ ಕಳಿಸಿದಳು, ಕರಕೊಂಡು ಬಾ ಎಂದು. ಸಣ್ಣ ಮನೆ, ತಗಡಿನ ಚಾವಣಿ. ಮಂಚದ ಮೇಲೆ ಅತ್ತೆಯ ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದ. ಎರಡನೆಯ ಹೆಂಡತಿ, ಅತ್ತೆ ‘ಸಣ್ಣಾಕಿ’ ಎಂದು ಕರೆಯುತ್ತಿದ್ದ ಅರವತ್ತರ ಹೆಂಗಸು, ನನ್ನನ್ನು ಕಂಡು ಒಳಗೆ ಕೂಗಿದಳು.

“ಏ ಮುದುಕಿ, ನಿನ್ನ ತವರಮನಿಯವ್ರು ಬಂದಾರ. ನೀರು ತಗೊಂಡು ಬಾ. ಮೂರು ಹೊತ್ತು ತಿಂದು ಕುಂದ್ರು ಅಂದ್ರ ಬರೋಬರಿ ಕುಂದ್ರತಾಳ.”

ಅತ್ತೆ ನೀರು ತಂದಳು. ಸೊರಗಿರಲಿಲ್ಲ. ಅದೇ ನನಗೆ ಮೊದಲು ಕಂಡದ್ದು, ಕಂಡು ಯಾಕೋ ಬೇಸರವಾದದ್ದನ್ನೂ ಬರೆಯಬೇಕು. ಅಂಗಳದ ಕಟ್ಟೆಯ ಮೇಲೆ ಇಬ್ಬರೂ ಕೂತೆವು.

“ನಡಿ ಅತ್ತಿ, ಮನಿಗೆ ಹೋಗೂನು. ಅವ್ವ ಕಳಿಸ್ಯಾಳ.”

“ಶಿವಮ್ಮ ಛಲೋ ಹೆಣಮಗಳು. ಆಕಿದೇನು ತಪ್ಪಿಲ್ಲ ಅನ್ನು.”

“ತಪ್ಪು ನಂದು. ಓಣ್ಯಾಗ ಎಲ್ಲಾರನ್ನೂ ಕುಂದ್ರಿಸಿ ಹೇಳ್ತೀನಿ, ಅದು ನಾ ಕಟ್ಟಿದ್ದು, ಸುಳ್ಳು ಅಂತ.”

ಅವಳು ನಕ್ಕಳು. ಸದ್ದಿಲ್ಲದ ನಗು.

“ಈಗ ಹೇಳಿದ್ರ ನಂಬತಾರೇನೋ? ಪಾಪ, ಅತ್ತಿ ಮಾನ ಉಳಸಾಕ ಹುಡುಗ ಸುಳ್ಳು ಹೇಳಾಕತ್ತಾನ ಅಂತಾರ.”

 ನಾನು, ಕೇಳಬಾರದೆಂದು ಬಸ್ಸಿನಲ್ಲಿ ನಿಶ್ಚಯ ಮಾಡಿಕೊಂಡು ಬಂದದ್ದನ್ನೇ ಕೇಳಿದೆ. ಆ ಕಲೆ ಎಂಥದ್ದು ಅತ್ತಿ, ಖರೆ ಹೇಳು. ಅವಳು ಸೆರಗಿನ ಮೇಲಿಂದಲೇ ನೆತ್ತಿ ಮುಟ್ಟಿಕೊಂಡಳು.

“ಮಣ್ಣು ಹೊತ್ತದ್ದು ಅಂತ ತಿಳಕೊಂಡಿದ್ದೆ. ನಾಟಕದಾಗ ಆ ಹುಡುಗಿ ಚೀರಿದ್ಲು ನೋಡು, ಆವತ್ತಿನಿಂದ ಅಲ್ಲೇ ಉರದಂಗ ಆಗ್ತದ. ನಮ್ಮತ್ತಿ ಹಂಗ ಮಾಡಿದ್ಲೇನೋ, ನನಗ ಮರತಿತ್ತೇನೋ. ನೀ ಓದಿದಾವ. ನಿಂದಾ ಖರೆ ಇರಬೇಕು ಬಿಡು.”

ಹಾಗೆಂದು ಅವಳು ನನ್ನನ್ನು ಚುಚ್ಚಲಿಲ್ಲ. ಚುಚ್ಚಿದ್ದರೆ ನಾನು ಬಸ್ ಹತ್ತಿ ಸ್ವಲ್ಪ ಹಗುರಾಗಿ ಬರಬಹುದಿತ್ತು. ಗಡಿಯಾರ ಕೆಟ್ಟವರು ಪಕ್ಕದವರಿಗೆ ಹೊತ್ತು ಕೇಳುವ ಹಾಗೆ ಸಹಜವಾಗಿ ಹೇಳಿದಳು. ಅವಳ ನೆನಪಿನೊಳಗೆ ನನ್ನ ಕತೆ ಹೋಗಿ ಕೂತಿತ್ತು, ಅಲ್ಲಿಂದ ಗುಳುಮವ್ವ ಎದ್ದು ಹೋಗಿದ್ದಳು.

ಒಳಗಿನಿಂದ ಸಣ್ಣಾಕಿ ಮತ್ತೆ ಕೂಗಿದಳು.

“ಏ ಬಾ, ಉಣ್ಣು. ತಣ್ಣಗಾದ ಮ್ಯಾಲ ಉಂಡು ಹೊಟ್ಟಿನೋವು ಅಂತ ನನ್ನ ಹೈರಾಣ ಮಾಡಬ್ಯಾಡ. ಆ ಹುಡುಗನ್ನೂ ಕರಿ.”

ನಾನು ಆಗಲೇ ಉಂಡಿದ್ದೇನೆ ಎಂದೆ. ಅತ್ತೆ ಬಾಗಿಲಿನ ಎದುರೇ, ಎಲ್ಲರಿಗೂ ಕಾಣುವ ಹಾಗೆ, ಕಾಲು ಚಾಚಿ ಕೂತಳು. ಸಣ್ಣಾಕಿ ಬೈಯುತ್ತಲೇ ಬಡಿಸಿದಳು. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಮೇಲೆ ಶೇಂಗಾ ಹಿಂಡಿ. ಮೊದಲ ತುತ್ತು ಬಾಯಿಗೆ ಹಾಕಿಕೊಳ್ಳುವ ಮುಂಚೆ ಅತ್ತೆ ನನ್ನ ಕಡೆ ತಿರುಗಿ ಹೇಳಿದಳು:

“ಇಲ್ಲಿ ಬೈತಾರ ತಮ್ಮಾ. ಬೈಸ್ಕೊಂತ ಉಣ್ಣಬಹುದು. ಅಲ್ಲಿ ಎಲ್ಲಾರು ನನ್ನ ತುತ್ತು ನೋಡಿ ಮರುಗತಾರ. ಮರುಗಿಸ್ಕೊಂತ ಹೆಂಗ ಉಣ್ಣಲಿ?”

ತುತ್ತು ಕೈಯಲ್ಲೇ ಇತ್ತು. ನಾನು ನೋಡುತ್ತಲೇ ಇದ್ದೆ. ಅವಳು ಕಾಯುತ್ತಿದ್ದಾಳೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗೊತ್ತಾದ ಮೇಲೆ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಹಿಂದೆ ನೋಡದೆ ಬೀದಿಗೆ ಇಳಿದೆ.